ಐತಾರಕ್ಕೊಮ್ಮೆ ತೂಕ ಬರಿಯೋ ರೂಲು ಬೇಕೋ ಬ್ಯಾಡೋ?

ಕಡಕ್ ರೊಟ್ಟಿ:
ನಮಸ್ಕಾರ್ರೀ ಎಲ್ಲಾರಿಗೂ. ದಸರಾ ಮುಗದ ಮ್ಯಾಲ ನಾವು ಹನ್ನೊಂದು ಮಂದಿ ಕೂಡಿ ತೂಕ ಇಳಸ್ಲತ್ತೀವಿ, ಐತಾರ ಮುಂಜಾನಿ ಎದ್ದ ಕೂಡ್ಲೆ ಕಾಟಾ ಮ್ಯಾಲ ನಿಂತು ಬಂದ ನಂಬರ್ ಗ್ರೂಪಿನ್ಯಾಗ ಹಾಕಬೇಕು ಅನ್ನೋದು ನಾನೇ ಮಾಡಿದ ರೂಲು. ಈಗ ನೋಡಿದ್ರ ಎಳ್ಳ ಅಮಾಸಿ ಆಗಿ ಒಂದು ಐತಾರ ದಾಟಿದಾಗಿಂದ ನಾಕು ಮಂದಿ ನಂಬರೂ ಹಾಕಿಲ್ಲ, ನಮ್ಮ ಕಲಬುರಗಿ ಪಬ್ಲಿಕ್ ಗಾರ್ಡನ್ನಿಗಿ ವಾಕಿಂಗಿಗೂ ಬಂದಿಲ್ಲ. ನಾನರ ಏನು, 94 ರಿಂದ 88.6 ಕ್ಕ ಇಳದಿದ್ದೆ, ಅಮಾಸಿ ದಿನ ಹೊಲದಾಗ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಬಾರಿಸಿ ಬಂದೆ, ಮರುದಿನ 89.8. ಹಾಕೀನಿ ಇಲ್ಲೇನು? ನಂಬರ್ ಮುಚ್ಚಿಡೋದಾದ್ರ ಗ್ರೂಪ್ ಎದಕ್ಕ ಬೇಕ್ರಿ? ಸಿಟ್ಟಾಗಬ್ಯಾಡ್ರಿ, ಬಿಚ್ಚಿ ಮಾತಾಡ್ರಿ.

ಒಂಬತ್ತು ತಾಟು:
ಆ ನಾಕು ಮಂದ್ಯಾಗ ನಾನೂ ಒಬ್ಬಾಕಿ ಇದ್ದೀನಿ ತಮ್ಮಾ. ನಿಂಗ ನಾಚಿಕಿ ಬರಲಿಲ್ಲ ಅಂದ್ರ ನಿನ್ನ ತಾಟಿಗಿ ಬಡಸೋರು ಬ್ಯಾರೆ ಇದ್ದಾರ. ನಾನು ದಿನಾ ಒಂಬತ್ತು ಮಂದಿಗಿ ರೊಟ್ಟಿ ಬಡೀತೀನಿ, ಎಲ್ಲಾರೂ ಉಂಡು ಎದ್ದ ಮ್ಯಾಲ ಒಲಿ ಮುಂದ ನಿಂತು ಉಳದಿದ್ದು ತಿಂತೀನಿ, ಹುಡುಗ್ರು ತಾಟಿನ್ಯಾಗ ಬಿಟ್ಟ ಅನ್ನ ಚೆಲ್ಲಲಾಕ ಮನಸಾಗಂಗಿಲ್ಲ ಅದೂ ನನ್ನ ಹೊಟ್ಟಿಗೇ, ಇದೆಲ್ಲಾ ಯಾವ ಕಾಟಾದಾಗೂ ಕಾಣಂಗಿಲ್ಲ. ಇನ್ನ ನಮ್ಮ ಅತ್ತಿ, ಮೂರು ಕಿಲೋ ಇಳದಾಗ ಮಾರಿ ನೋಡಿ "ಯಾಕ ಹಿಂಗ ಸೊರಗೀದಿ, ಜಡ್ಡೇನರ ಅದೇನು" ಅಂತ ತುಪ್ಪ ಹಾಕಲಾಕ ನಿಂತ್ರು. ಇಷ್ಟೆಲ್ಲಾ ದಾಟಿ 75.5 ಮುಟ್ಟಿದ್ದೆ. ಅಮಾಸಿ ಮ್ಯಾಲ 76.4 ಬಂತು, ಖರೇನೇ ಬರದೆ, ಬರದ ಎರಡು ನಿಮಿಷಕ್ಕ ಯಾರೋ ಕುಣಿಯೋ ಆನಿ ಸ್ಟಿಕರ್ ಹಾಕಿದ್ರು. ಮರುದಿನ ಐದೂವರಿಗಿ ಅಲಾರಾಂ ಹೊಡೀತು, ಬಂದ್ ಮಾಡಿ ಮತ್ತ ಕೌದಿ ಹೊತ್ಕೊಂಡು ಮಕ್ಕೊಂಡೆ.

ಜೇವರ್ಗಿ ಗುಂಡ:
ಆನಿ ಹಾಕ್ದಂವ ನಾನೇ ಅಕ್ಕಾರ 🙏 ನಾನು 102 ಇದ್ದೀನಿ, ಆನಿ ಅಂದ್ರ ನಾನೇ ಅಂತ ಚ್ಯಾಷ್ಟಿ ಮಾಡ್ಲಾಕ ಹೋಗಿದ್ದೆ. ತಪ್ಪಾಯ್ತು.

ಹಳೇ ಶುಗರ್:
ಸ್ಟಿಕರ್ ಹಾಕೋದು ತಪ್ಪೇ. ಆದ್ರ ರೂಲು ತಗೀಬ್ಯಾಡ್ರಿ ಅಂತೀನಿ ನಾನು. ಆರು ವರ್ಷ ನಾನು ಕಾಟಾಕ್ಕ ಬೆನ್ನ ತೋರ್ಸಿ ಅಡ್ಡಾಡೀನಿ, "ಪ್ಯಾಂಟು ಒಗದು ಒಗದು ಬಿಗಿ ಆಗ್ಯಾದ" ಅನ್ಕೋತ. ಗ್ರೂಪಿನ್ಯಾಗ ನಂಬರ್ ಬರಿಯೋದು ಬಂತು ನೋಡ್ರಿ, ಶನಿವಾರ ಸಂಜಿ ಮಿರ್ಚಿ ಭಜಿ ಅಂಗಡಿಗಿ ಹೋಗೋ ಕಾಲು ತಾನೇ ನಿಂದರಲಾಕತ್ತು. ಹೆದರಿಕಿನೂ ಬೇಕಾಗ್ತದ್ರಿ ಸ್ವಲ್ಪ.

ಲ್ಯಾಬ್ ಕೋಟು:
ಕಾಕಾ, ಹೆದರಿಕಿ ಇರಲಿ, ಆದ್ರ ಯಾವುದಕ್ಕ ಹೆದರಬೇಕು ಅನ್ನೋದರ ಗೊತ್ತಿರಬೇಕಲ್ಲ. ಒಂದು ಕಿಲೋ ಕೊಬ್ಬು ಏರಬೇಕಂದ್ರ ದಿನಾ ಖರ್ಚಾಗೋದು ಬಿಟ್ಟು ಮ್ಯಾಲ ಸುಮಾರು 7,700 ಕ್ಯಾಲರಿ ಉಣಬೇಕು, ಒಂದು ಅಮಾಸ್ಯಾಗ ಹೊಲದಾಗ ಕುಂತು ಅಷ್ಟು ಉಣ್ಣೋ ಗಂಡಸು ನಮ್ಮ ಗ್ರೂಪಿನ್ಯಾಗ ಗುಂಡ ಒಬ್ಬನೇ ಇರಬಹುದು 😀 ಉಳದವ್ರಿಗಿ ಏರಿದ್ದು ಬಹಳಷ್ಟು ನೀರು. ಉಪ್ಪು ಹೆಚ್ಚಾದ್ರ ಮೈಯಾಗ ನೀರು ನಿಂದರ್ತದ. ರೊಟ್ಟಿ, ಹೋಳಿಗಿ, ಕಡುಬು ಹೆಚ್ಚು ಉಂಡ್ರ ಅದ್ರಾಗ ಒಂದಿಷ್ಟು ಗ್ಲೈಕೋಜನ್, ಅಂದ್ರ ಮೈ ಕೂಡಿಡೋ ಸಕ್ಕರಿ, ಆಗಿ ಲಿವರ್, ಸ್ನಾಯುವಿನ್ಯಾಗ ಕೂಡ್ತದ, ಒಂದು ಗ್ರಾಂ ಗ್ಲೈಕೋಜನ್ ಜೋಡಿ ಸುಮಾರು ಮೂರು ಗ್ರಾಂ ನೀರು ಕುಂದರ್ತದ. ಹೆಣ್ಮಕ್ಕಳಿಗಿ ಮುಟ್ಟಿನ ಮೊದಲಿನ ದಿನದಾಗ ಒಂದು-ಎರಡು ಕಿಲೋ ಹಿಂದ ಮುಂದ ಆಗ್ತದ, ಅದನ್ನ ಬರೀಲಾಕ ಈ ಗ್ರೂಪಿನ್ಯಾಗ ಯಾರಿಗಿ ಧೈರ್ಯ ಬರ್ತದ? ನನ್ನ ಕೇಳಿದ್ರ ಟೇಪ್ ತೊಗೋರಿ. ಪಕ್ಕೆಲುಬು ಮುಗಿಯೋದಕ್ಕೂ ಸೊಂಟದ ಎಲುಬಿಗೂ ನಡುವ ಸುತ್ತಿ, ಉಸಿರು ಬಿಟ್ಟು ನೋಡ್ರಿ. ನಮ್ಮ ದೇಶದ ಗಂಡಸರಿಗಿ 90 ಸೆಂಟಿಮೀಟರ್, ಹೆಂಗಸರಿಗಿ 80, ಅದ್ರ ಒಳಗ ಇರಬೇಕು ಅಂತಾರ. ತಿಂಗಳಿಗಿ ಒಮ್ಮಿ ಸಾಕು.

ಬೀದರ್ ಚಳಿ:
ನಾನು ಊರು ಬಿಟ್ಟಂವ, ಈಗ ಬೀದರ್‌ದಾಗ ಕೋಟಿ ಸುತ್ತ ನಡೀತೀನಿ. ಈ ಕ್ಯಾಲರಿ ಲೆಕ್ಕ ನಂಗ ತಿಳಿಯಂಗಿಲ್ಲ ಬಿಡ್ರಿ. ನಮ್ಮ ಮುತ್ಯಾ ಹೊತ್ತಿಗಿ ನಾಕು ಜ್ವಾಳದ ರೊಟ್ಟಿ ತಿಂದು ಬಡಿಗಿ ಹಂಗ ಇದ್ದ. ರೊಟ್ಟಿಯಿಂದ ಯಾರೂ ದಪ್ಪ ಆಗಂಗಿಲ್ಲ.

ಕಡಕ್ ರೊಟ್ಟಿ:
ಮುತ್ಯಾ ದಿನಾ ಗಳೆ ಹೊಡೀತಿದ್ದ, ನೀ ಕುರ್ಚಿ ಮ್ಯಾಲ ಕುಂತು ಮೌಸ್ ಹೊಡೀತಿ. ನಾನೂ ನಿನ್ನಂಗೇ ತಿಳ್ಕೊಂಡಿದ್ದೆ, ಒಂದಿನ ಮನ್ಯಾಗಿನ ಸಣ್ಣ ಕಾಟಾದ ಮ್ಯಾಲ ತೂಗಿ ನೋಡ್ದೆ. ನಮ್ಮ ಮನಿ ಒಂದು ರೊಟ್ಟಿಗಿ ಹಿಟ್ಟು 55 ಗ್ರಾಂ, ಅಂದ್ರ 190 ರ ಹತ್ರ ಕ್ಯಾಲರಿ. ಅದ್ರ ಜೋಡಿ ಎರಡು ಚಮಚ ಶೇಂಗಾ ಹಿಂಡಿ 20 ಗ್ರಾಂ, ಅಲ್ಲೇ ನೂರು ದಾಟ್ತು, ಹಿಂಡಿ ನಡುವ ಕುಣಿ ಮಾಡಿ ಹಾಕ್ಕೋತೀವಲ್ಲ ಎಣ್ಣಿ, ಅದು ಎರಡು ಟೀ ಚಮಚ, ಮತ್ತ 90. ಒಂದು ರೊಟ್ಟಿಗಿ ಇನ್ನೊಂದು ರೊಟ್ಟಿ ನಂಜ್ಕೊಂಡಂಗ ಆಯ್ತು! ಈಗ ಹಿಂಡಿ ಒಂದು ಚಮಚ, ಎಣ್ಣಿ ಬದಲಿ ಮಸರು, ಜೋಡಿ ಪುಂಡಿ ಪಲ್ಯ ಹೊಟ್ಟಿ ತುಂಬ. ರೊಟ್ಟಿ ಬಿಟ್ಟಿಲ್ಲ, ಬಿಟ್ಟು ಬದುಕೋದು ಹ್ಯಾಂಗ?

ಬೀದರ್ ಚಳಿ:
ಆ ಕುಣಿ ಎಣ್ಣಿ ಸುದ್ದಿ ತಗೀಬಾರದಿತ್ತು ನೀ 😭

ಹಳೇ ಶುಗರ್:
ಒಂದು ಮಾತು ಮರ್ತಿದ್ದೆ, ಹೊಸಬರು ಓದ್ರಿ. ಶುರುವಿನ್ಯಾಗ ನಾನು ಜೋರು ಮಾಡಿ ರಾತ್ರಿ ಊಟ ಬಿಟ್ಟೆ, ಶುಗರ್ ಗುಳಿಗಿ ಮಾತ್ರ ಮೊದಲಿನಂಗ ನುಂಗದೆ. ಅಪ್ಪನ ಕೆರಿ ದಂಡಿಗಿ ಎರಡನೇ ಸುತ್ತಿನ್ಯಾಗ ಶುಗರ್ ಇಳದು ಕೈ ನಡುಗಿ, ಅಂಗಿ ತೊಯ್ದು ತಪ್ಪಡಿ, ಕಣ್ಣಿಗಿ ಕತ್ತಲಿ. ಯಾರೋ ಹುಡುಗಿ ಬ್ಯಾಗಿನ್ಯಾಗಿನ ಚಾಕ್ಲೇಟ್ ಕೊಟ್ಳು, ಹತ್ತು ನಿಮಿಷಕ್ಕ ಮನಷ್ಯಾ ಆದೆ. ಡಾಕ್ಟರ್ ಬೈದು ಗುಳಿಗಿ ಕಡಿಮಿ ಮಾಡಿದ್ರು. ಗುಳಿಗಿ, ಇನ್ಸುಲಿನ್ ತೊಗೊಳ್ಳೋರು ಡಾಕ್ಟರಿಗಿ ಕೇಳದ ಊಟ ಕಡಿಮಿ ಮಾಡಬ್ಯಾಡ್ರಿ. ಕಿಸೆದಾಗ ಬೆಲ್ಲದ ತುಣುಕು ಇರಲಿ.

ಲ್ಯಾಬ್ ಕೋಟು:
ಕಾಕಾ ಇದನ್ನ ಮ್ಯಾಲ ಪಿನ್ ಮಾಡ್ಬೇಕು. ನೋಡ್ರಿ, ಅವ್ರ ನಂಬರ್‌ದಾಗ ಆ ದಿನ "ಒಂದು ಕಿಲೋ ಕಡಿಮಿ" ಅಂತಿತ್ತು, ನಾವೆಲ್ಲಾ ಚಪ್ಪಾಳಿ ಹೊಡದಿದ್ವಿ. ಹೊಡದಿದ್ದು ಎದಕ್ಕ?

ಕಡಕ್ ರೊಟ್ಟಿ:
ಹಾಂ. ಆ ಚಪ್ಪಾಳಿ ನಾನೂ ಹೊಡದೀನಿ.
ಸರಿ, ಹಿಂಗ ಮಾಡೋಣು. ಬರಿಯೋರು ನಂಬರ್ ಬರೀಲಿ, ಒಲ್ಲೆ ಅಂದೋರಿಗಿ ಜುಲುಮಿ ಇಲ್ಲ. ಐತಾರ ಎಲ್ಲಾರೂ ಬರಿಯೋದು ಎಷ್ಟು ದಿನ ನಡದ್ರಿ ಅನ್ನೋದು ಅಷ್ಟೇ. ಎರಡು ದಿನ ವಾಕಿಂಗಿಗಿ ಬರಲಾರದೋರಿಗಿ ಯಾರರ ಒಬ್ಬರು ಫೋನ್ ಹಚ್ಚಬೇಕು, ನಾನು ನಾಕು ಮಂದಿ ಸುಮ್ಮನಾದಾಗ ಒಂದು ಫೋನ್ ಮಾಡಲಿಲ್ಲ, ಇಲ್ಲಿ ಬಂದು ರೂಲು ಹಚ್ಚೀನಿ.

ಹಳೇ ಶುಗರ್:
ನಾನು ನಂಬರ್ ಬರಿಯಾಂವನೇ. ಮತ್ತ ಜಲ್ದಿ ಸೆಟ್ ಆಗ್ರಿ, ಏಪ್ರಿಲ್ ಬಂತಂದ್ರ ನಮ್ಮ ಕಲಬುರಗ್ಯಾಗ ಸರಕಾರಿ ಆಫೀಸೇ ಮುಂಜಾನಿ 8 ರಿಂದ 1:30 ಕ್ಕ ತರ್ತಾರ, ಆವಾಗ ಏಳರ ಮ್ಯಾಲ ನಡೀತೀನಿ ಅಂದ್ರ ಹಪ್ಪಳ ಆಗ್ತೀರಿ.

ಒಂಬತ್ತು ತಾಟು:
ಬರ್ತೀನಿ. ಆದ್ರ ಈಗ ಐದೂವರಿಗಿ ಗವ್ ಅಂತ ಕತ್ತಲಿರ್ತದ, ನಮ್ಮ ಓಣಿ ಮೂಲ್ಯಾಗ ಐದಾರು ನಾಯಿ ಬೆನ್ನ ಹತ್ತತಾವ. ಅದಕ್ಕೂ ಒಂದು ರೂಲು ಮಾಡ್ರಿ.

ಜೇವರ್ಗಿ ಗುಂಡ:
ಅಕ್ಕಾರ, ನಾಳಿಂದ ನಾನೂ ನಮ್ಮವ್ವನೂ ನಿಮ್ಮ ಓಣಿ ಮೂಲ್ಯಾಗ ಐದೂವರಿಗಿ ನಿಂತಿರ್ತೀವಿ, ಬಡಿಗಿ ಹಿಡ್ಕೊಂಡು.

ಒಂಬತ್ತು ತಾಟು:
ಬಡಿಗಿ ತಾ. ಸ್ಟಿಕರ್ ಮನ್ಯಾಗ ಇಟ್ಟು ಬಾ.