ಹಿಮದ ಫೋಟೋ ಬೂದುಬಣ್ಣಕ್ಕೆ ಬರುತ್ತಿದೆ, ಎಷ್ಟು ಸ್ಟಾಪ್ ಏರಿಸಬೇಕು?

ಪ್ರಶ್ನೆ: ಕಣ್ಣು ಕುಕ್ಕುವಷ್ಟು ಬೆಳ್ಳಗಿರೋ ಹಿಮ ಫೋಟೋದಲ್ಲಿ ಕೊಳೆ ಹಿಡಿದ ಹಾಗೆ ಕಾಣುತ್ತೆ. ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ ತೆಗೀತೀನಿ, ಅಂದರೆ ಅಪರ್ಚರ್ (ಲೆನ್ಸಿನ ತೂತಿನ ಗಾತ್ರ) ನಾನಿಡೋದು, ಶಟರ್ ವೇಗ ಕ್ಯಾಮೆರಾದ್ದು. ಎಕ್ಸ್‌ಪೋಶರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಎಷ್ಟು ಏರಿಸಬೇಕು ಅನ್ನೋದು; ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಕೆಲವರು +1 ಇಡು ಅಂತಾರೆ, ಕೆಲವರು +2. ಯಾವುದನ್ನ ನಂಬಲಿ? ತೆಗೆದು ಅಭ್ಯಾಸ ಇರುವವರು ಹೇಳಿ.

—

ಚೌಕಟ್ಟಿನಲ್ಲಿ ಹಿಮ ಎಷ್ಟಿದೆ ಅನ್ನೋದರ ಮೇಲೆ ಹೋಗುತ್ತೆ. ಎದುರಿಗಿರೋದು ಹಿಮವೋ ಕರಿ ಬಂಡೆಯೋ ಕ್ಯಾಮೆರಾದ ಬೆಳಕು ಅಳೆಯೋ ಮೀಟರ್‌ಗೆ ಗೊತ್ತಿಲ್ಲ. ಏನು ಕಂಡರೂ ಅದನ್ನ ಮಧ್ಯಮ ಬೂದುಬಣ್ಣಕ್ಕೆ, ಅಂದರೆ ಬಿದ್ದ ಬೆಳಕಲ್ಲಿ ಸುಮಾರು ಶೇ. 18ರಷ್ಟನ್ನು ವಾಪಸ್ ಕಳಿಸೋ ಮೇಲ್ಮೈಗೆ ಹೊಂದಿಸೋಕೆ ನೋಡುತ್ತೆ. ಹೊಸ ಹಿಮ ಶೇ. 80–90ರಷ್ಟು ಬೆಳಕನ್ನ ಪ್ರತಿಫಲಿಸುತ್ತೆ. ಲೆಕ್ಕ ಹಾಕಿದರೆ ಎರಡು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. +2 ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ.

ಆದರೆ ಅದು ಚೌಕಟ್ಟು ಪೂರ್ತಿ ಹಿಮವೇ ತುಂಬಿದಾಗಿನ, ಇಲ್ಲವೇ ಬಿಸಿಲು ಬಿದ್ದ ಹಿಮದ ಮೇಲೆ ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗ ಮಾತ್ರ ಅಳೆಯೋದು) ಇಟ್ಟಾಗಿನ ಲೆಕ್ಕ. ಅರ್ಧ ಚೌಕಟ್ಟು ದೇವದಾರು ಮರಗಳಿದ್ದರೆ +2 ಕೊಟ್ಟ ತಕ್ಷಣ ಹಿಮ ಬರ್ನ್ ಆಗುತ್ತೆ, ಅಂದರೆ ವಿವರ ಇಲ್ಲದ ಬರೀ ಬಿಳಿ. ಅಲ್ಲಿ +0.7 ಸಾಕು, ಕೆಲವು ಸಲ ಅದೂ ಬೇಡ. ಇಡೀ ದೃಶ್ಯ ಅಳೆಯೋ ಮೀಟರಿಂಗ್ ಇದ್ದರೆ ಕ್ಯಾಮೆರಾ ತಾನೇ ಒಂದಿಷ್ಟು ಸರಿಮಾಡಿಕೊಂಡಿರುತ್ತೆ, ಅದರ ಮೇಲೆ ನೀವು ಮತ್ತೆ ಎರಡು ಸ್ಟಾಪ್ ಹೇರಿದರೆ ಕಥೆ ಮುಗೀತು. ನಾನು +1ರಿಂದ ಶುರು ಮಾಡಿ, ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆ ಅಂತ ತೋರಿಸೋ ಗ್ರಾಫ್) ನೋಡಿ ಮೂರನೇ ಒಂದು ಸ್ಟಾಪ್‌ನಷ್ಟು ಏರಿಸ್ತಾ ಹೋಗ್ತೀನಿ. ಗ್ರಾಫ್ ಒಳಗಿನ ಹಿಮದ ಗುಡ್ಡೆ ಬಲ ಅಂಚಿನ ಹತ್ತಿರ ಬರಬೇಕು, ಗೋಡೆಗೆ ಒರಗಬಾರದು.

ಕ್ಯಾಮೆರಾ ಹಿಂಭಾಗದ ಸ್ಕ್ರೀನ್ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಸುತ್ತ ಅಷ್ಟು ಬೆಳಕಿರುವಾಗ ಸರಿಯಾಗಿರೋ ಫೋಟೋ ಕೂಡ ಅದರಲ್ಲಿ ಕಪ್ಪಾಗಿ ಕಾಣುತ್ತೆ.

—

ಮೇಲಿನವರ ಮಾತಿಗೆ ಒಂದು ತಕರಾರು. ಮೂರನೇ ಒಂದರಂತೆ ಏರಿಸ್ತಾ ಕೂತರೆ ಓಡೋ ನಾಯಿ ನಿಮಗೋಸ್ಕರ ನಿಲ್ಲಲ್ಲ. ಬೆಳಕು ಬದಲಾಗದಿದ್ದರೆ ಮ್ಯಾನುಯಲ್‌ಗೆ (ಅಪರ್ಚರ್, ಶಟರ್ ಎರಡೂ ನೀವೇ ಇಡೋ ಮೋಡ್) ಹೋಗಿ. ಅತಿ ಬೆಳ್ಳಗಿನ ಹಿಮದ ಮೇಲೆ ಸ್ಪಾಟ್ ಇಟ್ಟು, ಮೀಟರ್ ಸುಮಾರು +1.7 ತೋರಿಸೋ ಹಾಗೆ ಶಟರ್ ಹೊಂದಿಸಿ, ಆಮೇಲೆ ಅದನ್ನ ಮುಟ್ಟಬೇಡಿ. ಕರಿ ನಾಯಿ ಬರಲಿ, ಕೆಂಪು ಕೋಟು ಬರಲಿ, ಹಿಮದ ಬಿಳುಪು ಅಷ್ಟೇ ಇರುತ್ತೆ. ಅಪರ್ಚರ್ ಪ್ರಯಾರಿಟಿಯಲ್ಲಿ ಅದೇ ನಾಯಿ ಹತ್ತಿರ ಬಂದು ಚೌಕಟ್ಟು ತುಂಬಿದಷ್ಟೂ ಎಕ್ಸ್‌ಪೋಶರ್ ಏರಿ ಹಿಮ ಹಾಳಾಗುತ್ತೆ.

ಮೀಟರನ್ನೇ ನಂಬದ ಹಳಬರ ಸನ್ನಿ 16 ಲೆಕ್ಕವೂ ಇಲ್ಲಿ ನಡೆಯುತ್ತೆ. ನಿಚ್ಚಳ ಬಿಸಿಲಲ್ಲಿ ಐಎಸ್‌ಒ 100, ಶಟರ್ 1/125, ಎಫ್/16. ಹಿಮ, ಮರಳಿನ ಮೇಲೆ ಬೆಳಕು ಇನ್ನೂ ಜಾಸ್ತಿ, ಹಾಗಾಗಿ ತೂತು ಕಿರಿದು ಮಾಡಿ ಎಫ್/22; ಇದು ಮೀಟರ್ ಅಳತೆ ಅಲ್ಲ, ಅದಕ್ಕೇ ಇಲ್ಲಿ ಏರಿಸೋ ಮಾತಿಲ್ಲ.

—

ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಕಪ್ಪಾದದ್ದನ್ನ ಆಮೇಲೆ ಎತ್ತಬಹುದು, ನೆರಳಲ್ಲಿ ಒಂದಿಷ್ಟು ನಾಯ್ಸ್ ಬರುತ್ತೆ ಅಷ್ಟೆ. ಬರ್ನ್ ಆದ ಹಿಮದಲ್ಲಿ ವಾಪಸ್ ತರೋಕೆ ಏನೂ ಉಳಿದಿರಲ್ಲ. ಅತಿ ಬೆಳ್ಳಗಾದ ಜಾಗ ಮಿನುಗೋ ಹೈಲೈಟ್ ಎಚ್ಚರಿಕೆ ಆನ್ ಮಾಡಿಡಿ, ಆದರೆ ಅದು ಕ್ಯಾಮೆರಾದೊಳಗಿನ ಜೆಪೆಗ್ ನೋಡಿ ಹೇಳೋದು, ಹಾಗಾಗಿ ಸ್ವಲ್ಪ ಮುಂಚೆಯೇ ಕೂಗುತ್ತೆ. ಸೂರ್ಯನ ಹೊಳಪು ಬಿದ್ದ ಹರಳುಗಳು ಅಲ್ಲಲ್ಲಿ ಮಿನುಗಿದರೆ ಬಿಟ್ಟುಬಿಡಿ.

—

ಪ್ರಶ್ನೆ ಕೇಳಿದವರು: ಮ್ಯಾನುಯಲ್ ವಿಧಾನ ಹಿಡಿಸಿತು, ಥ್ಯಾಂಕ್ಸ್. ಇನ್ನೊಂದು ಅನುಮಾನ. ನೆರಳಲ್ಲಿರೋ ಹಿಮ ನೀಲಿ ಬರುತ್ತೆ. ಅದೂ ಎಕ್ಸ್‌ಪೋಶರ್ ತೊಂದರೆಯಾ? ಮನೆಯವರು ಮೊಬೈಲಲ್ಲಿ ತೆಗೆದದ್ದೂ ಹಾಗೇ ಇದೆ.

—

ಅಲ್ಲ, ನೆರಳಿಗೆ ಬಿಸಿಲು ತಾಗಲ್ಲ, ಅಲ್ಲಿ ಬೀಳೋದು ನೀಲಿ ಆಕಾಶದ ಬೆಳಕು. ಹಿಮ ಅದನ್ನೇ ತೋರಿಸುತ್ತೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಬರೋ ಹಾಗೆ ಬಣ್ಣ ಹೊಂದಿಸೋದು) ಶೇಡ್‌ಗೆ ತಿರುಗಿಸಿದರೆ ನೀಲಿ ಇಳಿಯುತ್ತೆ, ಆದರೆ ಪಕ್ಕದ ಬಿಸಿಲು ಹಿಮ ಹಳದಿಗೆ ತಿರುಗುತ್ತೆ. ನಾನಂತೂ ನೆರಳಲ್ಲಿ ನೀಲಿ ಇರಲಿ ಅಂತಲೇ ಬಿಡೋದು. ಪೂರ್ತಿ ತೆಗೆದರೆ ಚಳಿಯೇ ಇಲ್ಲದ ಹಿಮ ಆಗುತ್ತೆ.

ಮೊಬೈಲಾದರೆ ಹಿಮದ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮೇಲಕ್ಕೆ ಎಳೆಯಲಿ. ಕೆಲವದರಲ್ಲಿ ಗುರುತು ಬೇರೆ ಇರಬಹುದು, ಕೆಲಸ ಅದೇ.

ಇನ್ನು ಎಲ್ಲರಿಗೂ: ಹಿಮದಿಂದ ಒಳಗೆ ಬಂದಮೇಲೆ ಕಾಂಪೆನ್ಸೇಷನ್ ಸೊನ್ನೆಗೆ ತನ್ನಿ. ತುಂಬಾ ಕ್ಯಾಮೆರಾಗಳು ಆಫ್ ಮಾಡಿದರೂ ಅದನ್ನ ನೆನಪಿಟ್ಟುಕೊಂಡಿರುತ್ತವೆ.