ಶೆಟ್ರು ರೋಬೋಟ್ ಆದರು

"ಮೂರನೇ ಕ್ಲಾಸಿನ ಹುಡುಗನಿಗೆ ಕೋಡಿಂಗಾ? ಅಂಗಿಯ ಗುಬ್ಬಿ ಸರಿಯಾಗಿ ಹಾಕಲಿಕ್ಕೆ ಬರುವುದಿಲ್ಲ ಮಾರಾಯ್ರೇ ಅವನಿಗೆ!" ಎಂದು ಶೆಟ್ರು ಗೋಳಿಬಜೆಯನ್ನು ಚಟ್ನಿಗೆ ಅದ್ದಿದರು.

ಹೊರಗೆ ಆಟಿಯ ಮಳೆ. ಉಡುಪಿಯಲ್ಲಿ ಭಟ್ರ ಮನೆ ಚಾವಡಿಯಲ್ಲಿ ಕೂತಿದ್ದೆವು. ಅವರ ಮೊಮ್ಮಗ ಪುಟ್ಟನನ್ನು ಕೋಡಿಂಗ್, ಅಂದರೆ ಕಂಪ್ಯೂಟರಿಗೆ ಹೆಜ್ಜೆ ಹೆಜ್ಜೆಯಾಗಿ ಕೆಲಸ ಹೇಳುವ ವಿದ್ಯೆಯ ಕ್ಲಾಸಿಗೆ ಸೇರಿಸಬೇಕೋ ಬೇಡವೋ ಎಂಬ ಚರ್ಚೆ.

"ಸರಕಾರವೇ ಅವಸರ ಮಾಡಿಲ್ಲ. 2020ರ ಶಿಕ್ಷಣ ನೀತಿಯಲ್ಲಿ ಕೋಡಿಂಗ್ ಇರುವುದು ಆರನೇ ಕ್ಲಾಸಿನಿಂದ ಮೇಲೆ" ಎಂದರು ಪೈಗಳು. ಬ್ಯಾಂಕಿನಿಂದ ರಿಟೈರ್ ಆದವರು. ಸರ್ಕ್ಯುಲರ್ ಇಲ್ಲದೆ ಮಾತಾಡುವುದಿಲ್ಲ.

"ನನ್ನ ಸೊಸೆಗೆ ಮನೆಯಲ್ಲಿ ಇನ್ನೊಂದು ಸ್ಕ್ರೀನ್ ಬೇಡವಂತೆ" ಎಂದರು ಭಟ್ರು.

ಟೀಚರಕ್ಕ ನಕ್ಕರು. "ಸ್ಕ್ರೀನ್ ಯಾರಿಗೆ ಬೇಕು? ಒಬ್ಬರು ರೋಬೋಟ್ ಆಗಿ, ಸಾಕು. ಪುಟ್ಟ ಹೇಳಿದಷ್ಟೇ ಮಾಡಬೇಕು. ಸ್ವಂತ ಬುದ್ಧಿ ಉಪಯೋಗಿಸಬಾರದು."

"ಹಾಗಾದರೆ ಶೆಟ್ರೇ ಸರಿ" ಎಂದರು ಪೈಗಳು.

ಶೆಟ್ರು ಎದ್ದು ಕಂಬದ ಹಾಗೆ ನಿಂತರು. ಪುಟ್ಟ ಪೇಪರಿನಲ್ಲಿ ಒಂದೊಂದೇ ಸಾಲು ಬರೆದುಕೊಂಡು ಆರ್ಡರ್ ಕೊಟ್ಟ: "ಗೋಳಿಬಜೆ ತಿನ್ನಿ." ಶೆಟ್ರು ಅಲುಗಲಿಲ್ಲ. "ರೋಬೋಟಿಗೆ ತಿನ್ನುವುದು ಅಂದರೆ ಎಂತ ಅಂತ ಗೊತ್ತಿಲ್ಲ, ಬಿಡಿಸಿ ಹೇಳು" ಎಂದರು ಟೀಚರಕ್ಕ. "ಕೈ ಮುಂದೆ ಮಾಡಿ" ಎಂದ. ಎಷ್ಟು ಮುಂದೆ ಅಂತ ಹೇಳಲಿಲ್ಲ ನೋಡಿ, ಕೈ ಸೀದಾ ಪೈಗಳ ಕನ್ನಡಕಕ್ಕೆ ತಾಗಿತು. ಕೊನೆಗೆ ಬಗ್ಗಿಸಿ, ಬಜೆ ಹಿಡಿಸಿ, ಚಟ್ನಿಗೆ ಅದ್ದಿಸಿ, "ಬಾಯಿಗೆ ಹಾಕಿ" ಎಂದ. ಬಾಯಿ ತೆರೆಯಿರಿ ಅಂತ ಹೇಳಿರಲಿಲ್ಲ. ಚಟ್ನಿಯೆಲ್ಲ ಶೆಟ್ರ ಮೀಸೆಗೆ.

ಪುಟ್ಟ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಯಾರೂ ಹೇಳದೆಯೇ ಪೇಪರಿನಲ್ಲಿ ಕೊನೆಯ ಸಾಲಿಗಿಂತ ಮೊದಲು 'ಬಾಯಿ ತೆರೆಯಿರಿ' ಅಂತ ಒಂದು ಸಾಲು ತುರುಕಿದ.

"ಇದೇ ಡಿಬಗ್ಗಿಂಗ್. ಎಡವಿದ ಸಾಲು ಯಾವುದು ಅಂತ ಹುಡುಕಿದ ಅಲ್ವಾ? ಕ್ಲಾಸಿನಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ಅಷ್ಟೇ" ಎಂದರು ಟೀಚರಕ್ಕ. ಶೆಟ್ರು ಮೀಸೆ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ.

ನ್ಯೂಜಿಲೆಂಡಿನ ಕಂಪ್ಯೂಟರ್ ವಿಜ್ಞಾನಿ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಇಂಥ ಆಟಗಳನ್ನು 'ಸಿಎಸ್ ಅನ್‌ಪ್ಲಗ್ಡ್' ಅಂತ ಒಟ್ಟು ಮಾಡಿದ್ದಾರೆ ಎನ್ನುತ್ತಾ ಟೀಚರಕ್ಕ ಐದು ರಟ್ಟಿನ ಕಾರ್ಡ್ ತೆಗೆದರು. ಕಾರ್ಡುಗಳ ಮೇಲೆ 1, 2, 4, 8, 16 ಚುಕ್ಕಿ. ಕೆಲವನ್ನು ತೆರೆದು, ಉಳಿದದ್ದನ್ನು ಮಗುಚಿ ಹಾಕಿ, ಕಾಣುವ ಚುಕ್ಕಿಗಳನ್ನು ಕೂಡಿದರೆ 0ಯಿಂದ 31ರವರೆಗೆ ಯಾವ ಸಂಖ್ಯೆ ಬೇಕಾದರೂ ಮಾಡಬಹುದು. ಕಂಪ್ಯೂಟರ್ ಲೆಕ್ಕ ಇಡುವುದೂ ಹೀಗೇ.

"ಕಾರ್ಡ್ ಇಲ್ಲದಿದ್ದರೆ ಒಂದು ಕೈಯ ಐದು ಬೆರಳು ಸಾಕು. ಹೆಬ್ಬೆರಳು 1, ತೋರುಬೆರಳು 2..."

ಪುಟ್ಟ ಎಣಿಸುತ್ತಾ ಹೋಗಿ 4ಕ್ಕೆ ಬಂದ. ನಡುಬೆರಳೊಂದೇ ನೆಟ್ಟಗೆ ನಿಂತಿತು, ಅದೂ ಅಜ್ಜನ ಮುಖಕ್ಕೆ ಸರಿಯಾಗಿ. ಭಟ್ರು "ಕಾರ್ಡೇ ಇರಲಿ" ಎಂದರು.

ಪೈಗಳಿಗೆ ಸುಮ್ನೆ ಕೂರಲಿಕ್ಕಾಗಲಿಲ್ಲ. "ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು! ಚೆನ್ನೆಮಣೆ ತನ್ನಿ. 14 ಗುಳಿ, ಒಂದೊಂದರಲ್ಲಿ 4 ಕಾಯಿ. ಕಾಯಿ ತೆಗೆ, ಹಾಕು, ಮತ್ತೆ ತೆಗೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡುವ ಲೂಪ್ ಅಲ್ಲದೆ ಅದು ಇನ್ನೆಂತ?"

ನಮ್ಮಲ್ಲಿ ಎಲ್ಲವೂ ಮೊದಲೇ ಇರುತ್ತದೆ. ಹೊರಗಿನವರು ಕಂಡುಹಿಡಿದ ಮೇಲೆ ನಮಗೆ ನೆನಪಾಗುವುದು, ಅಷ್ಟೇ. ಆದರೂ ಪೈಗಳ ಮಾತಿನಲ್ಲಿ ಹುರುಳಿತ್ತು. ಟೀಚರಕ್ಕನ ತಕರಾರು ಬೇರೆ: "ಆಡಿದರೆ ಕೋಡಿಂಗ್ ಆಗುವುದಿಲ್ಲ. ಆಟವನ್ನೇ ಗೊತ್ತಿಲ್ಲದ ರೋಬೋಟಿಗೆ ಹೇಳಿ ಆಡಿಸಿ ನೋಡುವ."

ಶೆಟ್ರು ಮತ್ತೆ ರೋಬೋಟ್. ಪೈಗಳು ಗಂಟಲು ಸರಿಮಾಡಿಕೊಂಡರು. "ಒಂದು ಗುಳಿಯ ಕಾಯಿ ತೆಗೆಯಿರಿ. ಮುಂದಿನ ಗುಳಿಗಳಿಗೆ ಒಂದೊಂದು ಹಾಕಿ. ಕೈ ಖಾಲಿಯಾದರೆ ಅದರ ಮುಂದಿನ ಗುಳಿಯದ್ದು ತೆಗೆದು ಮತ್ತೆ ಹಾಕುತ್ತಾ ಹೋಗಿ."

ಶೆಟ್ರು ಹಾಕುತ್ತಾ ಹೋದರು. ಒಂದು ಕಡೆ ಮುಂದಿನ ಗುಳಿ ಖಾಲಿ. ಶೆಟ್ರು ಖಾಲಿ ಗುಳಿಗೆ ಕೈ ಹಾಕಿದರು. ತೆಗೆದರು. ಮತ್ತೆ ಹಾಕಿದರು. ಮತ್ತೆ ತೆಗೆದರು.

"ಅಯ್ಯೋ, ಖಾಲಿ ಇದ್ದರೆ ಅದರ ಆಚೆಯದ್ದನ್ನು ಗೆದ್ದುಕೊಂಡು ನಿಲ್ಲಿಸಬೇಕು ಮಾರಾಯ್ರೇ! ಅದು ಎಲ್ಲರಿಗೂ ಗೊತ್ತುಂಟಲ್ಲ!"

ಶೆಟ್ರು ನಿಲ್ಲಿಸಲಿಲ್ಲ. ಪುಟ್ಟ ಪೇಪರು, ಪೆನ್ಸಿಲು ತಂದು ಪೈಗಳ ಮುಂದೆ ಇಟ್ಟ.

"ಮಾಮ್, ಸಾಲು ಸೇರಿಸಿ. ಶೆಟ್ರ ಕೈ ನೋಯುತ್ತದೆ."