ಫೋಟೋದ ಮೂಲೆಗಳು ಕಪ್ಪಾಗುತ್ತಿವೆ, ಲೆನ್ಸ್ ಕೆಟ್ಟಿದೆಯಾ?

ಪ್ರಶ್ನೆ: ಮೇಡಂ, ನನ್ನದು ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು. ಹೊಸದಾಗಿ 50 ಎಂಎಂ ಎಫ್ 1.8 ಲೆನ್ಸ್ ತೆಗೆದುಕೊಂಡೆ. ಆಕಾಶವೋ ಬಿಳಿ ಗೋಡೆಯೋ ಇದ್ದರೆ ನಾಲ್ಕೂ ಮೂಲೆ ಮಂಕಾಗಿ ಬರುತ್ತವೆ. ಹಳೆಯ ವೈಡ್ ಜೂಮ್‌ನಲ್ಲಿ ಇನ್ನೂ ಕಷ್ಟ. 16 ಎಂಎಂನಲ್ಲಿ ಮೂಲೆಗಳು ಪೂರ್ತಿ ಕಪ್ಪು, ಕತ್ತರಿಸಿದ ಹಾಗೆ. ಎರಡನ್ನೂ ರಿಪೇರಿಗೆ ಕೊಡಬೇಕಾ?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಡಬೇಡಿ. ಒಂದು ಮಂಕು, ಇನ್ನೊಂದು ಕತ್ತರಿಸಿದ ಹಾಗೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಎರಡರ ಕಾರಣವೂ ಬೇರೆ.

ಮೊದಲು 50 ಎಂಎಂ. ಲೆನ್ಸ್ ಅಂದರೆ ಒಂದು ಕೊಳವೆ ಅಲ್ವಾ? ಫೋಟೋದ ನಡುಭಾಗಕ್ಕೆ ಬೆಳಕು ನೇರವಾಗಿ ಬರುತ್ತದೆ. ಮೂಲೆಗೆ ಹೋಗುವ ಬೆಳಕು ಓರೆಯಾಗಿ ನುಗ್ಗಬೇಕು, ಅದರಲ್ಲಿ ಒಂದಿಷ್ಟನ್ನು ಕೊಳವೆಯ ಅಂಚೇ ತಡೆಯುತ್ತದೆ. ರಾತ್ರಿ ಎಫ್ 1.8ರಲ್ಲಿ ದೂರದ ದೀಪಗಳನ್ನು ಫೋಕಸ್ ತಪ್ಪಿಸಿ ತೆಗೆದು ನೋಡಿ. ನಡುವಿನ ದೀಪ ದುಂಡಗೆ, ಮೂಲೆಯದ್ದು ಬೆಕ್ಕಿನ ಕಣ್ಣಿನ ಹಾಗೆ. ಆ ಕಣ್ಣಿನಲ್ಲಿ ಕಾಣೆಯಾದ ಭಾಗವೇ ನಿಮ್ಮ ಮೂಲೆಗೆ ಬರದೇ ಹೋದ ಬೆಳಕು.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಕಿರಿದು ಮಾಡಿದರೆ ಈ ಅಡ್ಡಿ ಹೋಗುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಗೋಡೆಯ ಮೇಲೆ ಒಂದೇ ಸಮನಾದ ಬೆಳಕಿದ್ದಾಗ ಎಫ್ 1.8, 2.8, 4, 5.6ರಲ್ಲಿ ಒಂದೊಂದು ಫೋಟೋ ತೆಗೆಯಿರಿ. ಅಪರ್ಚರ್ ಮೋಡ್‌ನಲ್ಲಿಡಿ, ಫ್ಲಾಶ್ ಬೇಡ.

ಇನ್ನು ಜೂಮ್. ಅದರ ಮುಂದೆ ಏನೇನು ಹಾಕಿದ್ದೀರಿ?

ಪ್ರಶ್ನೆ: ಯುವಿ ಫಿಲ್ಟರ್, ಅದರ ಮೇಲೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್), ಓರೆ ಬೆಳಕು ತಡೆಯುವ ಹುಡ್ ಕೂಡ ಇದೆ. ಗೋಡೆಯ ಫೋಟೋ ತೆಗೆದೆ. ಎಫ್ 4ರಲ್ಲಿ ಮಂಕು ಹೆಚ್ಚುಕಡಿಮೆ ಮಾಯ!

ಉತ್ತರ: ಹಾಗಾದರೆ 50 ಎಂಎಂ ಚೆನ್ನಾಗಿಯೇ ಇದೆ. ಜೂಮ್‌ನ ಮುಂದಿರುವುದನ್ನೆಲ್ಲ ತೆಗೆದು 16ರಲ್ಲಿ ಒಂದು ಫೋಟೋ. ಆಮೇಲೆ ಒಂದೊಂದೇ ಸೇರಿಸುತ್ತಾ ಹೋಗಿ, ಯಾವುದರಿಂದ ಕಪ್ಪು ಬಂತು ಅಂತ ಗೊತ್ತಾಗುತ್ತದೆ. ನನ್ನ ಅನುಮಾನ ಆ ಎರಡು ಫಿಲ್ಟರ್‌ಗಳ ಮೇಲೆ. ಪೋಲರೈಸರ್ ಬೇಕಾದಾಗ ಯುವಿ ಬಿಚ್ಚಿಡಿ. ಹುಡ್ ಪೂರ್ತಿ ತಿರುಗಿ ಲಾಕ್ ಆಗದಿದ್ದರೂ ಅದರ ದಳ ಮೂಲೆಗೆ ಅಡ್ಡ ಬರುತ್ತದೆ. ನಾನೇ ಒಂದು ಕಾರ್ಯಕ್ರಮದಲ್ಲಿ ಅರ್ಧ ದಿನ ಹಾಗೆ ಓಡಾಡಿ, ಮನೆಗೆ ಬಂದ ಮೇಲೆ ನೋಡಿ ತಲೆ ಚಚ್ಚಿಕೊಂಡಿದ್ದೇನೆ. ಈ ಥರದ ಕಪ್ಪು ಅಪರ್ಚರ್ ಕಿರಿದು ಮಾಡಿದರೆ ಹೋಗುವುದಿಲ್ಲ, ಅಂಚು ಇನ್ನೂ ಚೂಪಾಗುತ್ತದೆ.

ಏನೂ ಹಾಕದಿದ್ದರೂ ಕಪ್ಪು ಬಂದರೆ, ಲೆನ್ಸ್ ಚಿಕ್ಕ ಸೆನ್ಸರ್‌ನ ಕ್ಯಾಮೆರಾಗೆ ಮಾಡಿದ್ದಿರಬೇಕು. ನಿಮ್ಮ ಸೆನ್ಸರ್‌ನ ಮೂಲೆಯಿಂದ ಮೂಲೆಗೆ ಸುಮಾರು 43 ಮಿ.ಮೀ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್‌ಗೆ ಅದು 28ರ ಆಸುಪಾಸು. ಅದಕ್ಕೆಂದು ಮಾಡಿದ ಲೆನ್ಸಿನ ಬೆಳಕಿನ ವೃತ್ತ ನಿಮ್ಮ ಮೂಲೆ ಮುಟ್ಟುವುದೇ ಇಲ್ಲ. ಸೆನ್ಸರ್‌ನ ನಡುಭಾಗ ಮಾತ್ರ ಬಳಸುವ ಕ್ರಾಪ್ ಮೋಡ್‌ನಲ್ಲಿ ಬಳಸಬಹುದು, ಅಷ್ಟೇ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಕೆಳಗಡೆ ಮಾತ್ರ ಅರ್ಧಚಂದ್ರದ ಹಾಗೆ ಕಪ್ಪು ಬರುತ್ತದೆ.

ಉತ್ತರ: ಕ್ಯಾಮೆರಾದಲ್ಲೇ ಇರುವ ಫ್ಲಾಶ್ ಬಳಸುತ್ತೀರಾ? ಹಾಗಿದ್ದರೆ ಅದು ಹುಡ್‌ನ ನೆರಳು. ಹುಡ್ ತೆಗೆಯಿರಿ.

ಪ್ರಶ್ನೆ: ಯುವಿ ಬಿಚ್ಚಿದೆ, ಕಪ್ಪು ಹೋಯಿತು! 16ರಲ್ಲಿ ಸ್ವಲ್ಪ ಮಂಕು ಮಾತ್ರ ಉಳಿದಿದೆ, ಎಫ್ 8ರಲ್ಲೂ.

ಉತ್ತರ: ಅದು ವೈಡ್ ಲೆನ್ಸಿನ ಸಹಜ ಗುಣ. ಬೆಳಕು ಓರೆಯಾದಷ್ಟೂ ಮೂಲೆ ಮುಟ್ಟುವುದು ಕಡಿಮೆ. ಸಾಫ್ಟ್‌ವೇರ್‌ನಲ್ಲಿ ಲೆನ್ಸ್ ಪ್ರೊಫೈಲ್ (ಆ ಲೆನ್ಸಿನ ಮಂಕನ್ನು ತಾನೇ ತಿದ್ದುವ ಆಯ್ಕೆ) ಆನ್ ಮಾಡಿ, ಸರಿಹೋಗುತ್ತದೆ. ಆದರೆ ಮೂಲೆಯನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕಾಗಿ ಎತ್ತಿದರೆ ಐಎಸ್‌ಓ (ಬೆಳಕಿನ ಸೂಕ್ಷ್ಮತೆ) 1600ರ ಫೋಟೋ ಅಲ್ಲಿ ಮಾತ್ರ 6400ರದ್ದರ ಹಾಗೆ ಕಾಳುಕಾಳಾಗುತ್ತದೆ. ಹಾಗಾಗಿ ರಾತ್ರಿಯ ಫೋಟೋಗಳಲ್ಲಿ ನಾನು ಅರ್ಧ ಮಾತ್ರ ಎತ್ತುತ್ತೇನೆ. ಪನೋರಮಾ ಜೋಡಿಸುವಾಗ ಮಾತ್ರ ಪೂರ್ತಿ ಸರಿಮಾಡಲೇಬೇಕು, ಇಲ್ಲದಿದ್ದರೆ ಆಕಾಶದ ತುಂಬ ಪಟ್ಟೆ. ಮುಖದ ಫೋಟೋಗಳಲ್ಲಿ ಪ್ರೊಫೈಲ್ ಮುಟ್ಟುವುದೇ ಇಲ್ಲ. ಕೆಲವು ಸಲ ನಾನೇ ಇನ್ನೊಂಚೂರು ಮಂಕು ಸೇರಿಸುತ್ತೇನೆ!